ಒಂದೇ ವರದಿ, ಎರಡು ದೂರು

1982ರ ಸೆಪ್ಟೆಂಬರ್‌ನಲ್ಲಿ ಲೆಬನಾನ್‌ನ ರಾಜಧಾನಿ ಬೈರೂತ್‌ನ ಸಾಬ್ರಾ ಮತ್ತು ಶತೀಲಾ ಪ್ರದೇಶಗಳಲ್ಲಿ ಪ್ಯಾಲೆಸ್ಟೀನಿ ನಿರಾಶ್ರಿತರ ಹತ್ಯಾಕಾಂಡ ನಡೆಯಿತು. ಕೊಂದವರು ಅಲ್ಲಿನ ಕ್ರೈಸ್ತ ಸಶಸ್ತ್ರ ಪಡೆಯವರು. ಆ ಪ್ರದೇಶವನ್ನು ಸುತ್ತುವರಿದಿದ್ದುದು ಇಸ್ರೇಲಿ ಸೇನೆ. ಇದರಲ್ಲಿ ಇಸ್ರೇಲಿನ ಹೊಣೆ ಎಷ್ಟು ಎಂಬುದು ಅಮೆರಿಕದ ಟಿ.ವಿ. ವಾರ್ತೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವಲೋನ್, ಲೀ ರಾಸ್ ಮತ್ತು ಮಾರ್ಕ್ ಲೆಪರ್ ಆ ವರದಿಗಳಲ್ಲಿ ಆರನ್ನು ಆಯ್ದು, ಇಸ್ರೇಲ್ ಪರ, ಅರಬ್ ಪರ ಮತ್ತು ತಟಸ್ಥ ನಿಲುವಿನ ಒಟ್ಟು 144 ವಿದ್ಯಾರ್ಥಿಗಳಿಗೆ ತೋರಿಸಿದರು.

1985ರಲ್ಲಿ ಪ್ರಕಟವಾದ ಫಲಿತಾಂಶವನ್ನು ನಿಧಾನವಾಗಿ ಓದಬೇಕು. ಇಸ್ರೇಲ್ ಕುರಿತ ಮಾತುಗಳಲ್ಲಿ ಶೇ 42ರಷ್ಟು ಆ ದೇಶದ ಪರವಾಗಿದ್ದವು, ಶೇ 26ರಷ್ಟು ಮಾತ್ರ ವಿರುದ್ಧವಾಗಿದ್ದವು ಎಂದು ಅರಬ್ ಪರ ವಿದ್ಯಾರ್ಥಿಗಳು ಹೇಳಿದರು. ಇಸ್ರೇಲ್ ಪರ ವಿದ್ಯಾರ್ಥಿಗಳ ಲೆಕ್ಕದಲ್ಲಿ ಪರವಾದವು ಶೇ 16, ವಿರುದ್ಧವಾದವು ಶೇ 57. ನೋಡಿದ್ದು ಒಂದೇ ಟೇಪು. ಯಾವ ಪಕ್ಷವನ್ನೂ ಹಿಡಿಯದವರು ಇದನ್ನು ನೋಡಿದರೆ ತಮ್ಮ ವಿರುದ್ಧವೇ ತಿರುಗುತ್ತಾರೆಂಬ ಆತಂಕವೂ ಎರಡೂ ಕಡೆಯವರಲ್ಲಿತ್ತು. ವಿಷಯವನ್ನು ಹೆಚ್ಚು ಬಲ್ಲವರಿಗೆ ಪಕ್ಷಪಾತವೂ ಹೆಚ್ಚಾಗಿಯೇ ಕಂಡಿತು ಎಂಬುದು ನನ್ನ ಪಾಲಿಗೆ ಎಲ್ಲಕ್ಕಿಂತ ಗಂಭೀರವಾದ ಸಂಗತಿ, ಏಕೆಂದರೆ ತಿಳಿವಳಿಕೆ ಹೆಚ್ಚಿದಂತೆ ಇಂಥ ದೂರು ತಾನಾಗಿ ಕಡಿಮೆಯಾಗುತ್ತದೆಂಬ ನಿರೀಕ್ಷೆಯನ್ನು ಅದು ಅಲುಗಾಡಿಸುತ್ತದೆ.

ಹಾಗಾದರೆ ಸುದ್ದಿಮನೆಗಳು ನಿರ್ದೋಷಿಗಳೇ? ಖಂಡಿತ ಅಲ್ಲ. ಅರ್ಥಶಾಸ್ತ್ರಜ್ಞರಾದ ಮ್ಯಾಥ್ಯೂ ಜೆಂಟ್ಸ್‌ಕೋ ಮತ್ತು ಜೆಸ್ಸಿ ಶಪಿರೊ ಪತ್ರಿಕೆಗಳ ಒಲವನ್ನು ಅಳೆಯಲು ಒಂದು ದಾರಿ ಕಂಡುಕೊಂಡರು. 2005ರ ಅಮೆರಿಕ ಸಂಸತ್ತಿನ ಕಲಾಪದಲ್ಲಿ, ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನು ಡೆಮಾಕ್ರಾಟರು ‘ಎಸ್ಟೇಟ್ ಟ್ಯಾಕ್ಸ್’ ಎಂದರೆ ರಿಪಬ್ಲಿಕನ್ನರು ‘ಡೆತ್ ಟ್ಯಾಕ್ಸ್’ ಎನ್ನುತ್ತಿದ್ದರು. ಇಂಥ ಪದಗುಚ್ಛಗಳಲ್ಲಿ ಯಾವ ಪಕ್ಷದವು ಯಾವ ಪತ್ರಿಕೆಯಲ್ಲಿ ಹೆಚ್ಚು ಬರುತ್ತವೆಂದು ನಾನೂರಕ್ಕೂ ಹೆಚ್ಚು ದಿನಪತ್ರಿಕೆಗಳಲ್ಲಿ ಎಣಿಸಿದಾಗ ಒಲವು ಅಂಕಿಗಳಲ್ಲೇ ಕಂಡಿತು. ಆದರೆ ಅದು ಮಾಲೀಕರನ್ನು ಅನುಸರಿಸಿರಲಿಲ್ಲ. ಆಯಾ ಊರಿನ ಓದುಗರನ್ನು ಅನುಸರಿಸಿತ್ತು. ಒಂದೇ ಒಡೆತನದ ಎರಡು ಪತ್ರಿಕೆಗಳು, ಓದುಗರ ರಾಜಕೀಯ ಬೇರೆಯಾಗಿದ್ದರೆ, ಬೇರೆ ಬೇರೆ ಭಾಷೆಯನ್ನೇ ಆಡುತ್ತಿದ್ದವು. ಅಂದರೆ ನಾವು ದೂರುವ ಒಲವಿನ ಒಂದು ಪಾಲನ್ನು ನಮ್ಮ ಚಂದಾಹಣವೇ ಪೋಷಿಸುತ್ತಿದೆ.

ಗ್ಯಾಲಪ್ ಸಮೀಕ್ಷೆಯ ಅಂಕಿಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಮೂಹ ಮಾಧ್ಯಮಗಳನ್ನು ತಕ್ಕಮಟ್ಟಿಗಾದರೂ ನಂಬುವ ಅಮೆರಿಕನ್ನರು 1976ರಲ್ಲಿ ಶೇ 72ರಷ್ಟಿದ್ದರು. 2025ರಲ್ಲಿ ಶೇ 28. ಇದರಲ್ಲಿ ಡೆಮಾಕ್ರಾಟರಲ್ಲಿ ಸುಮಾರು ಅರ್ಧದಷ್ಟು ಜನ ನಂಬಿದರೆ, ರಿಪಬ್ಲಿಕನ್ನರಲ್ಲಿ ಹತ್ತರಲ್ಲೊಬ್ಬರೂ ನಂಬುವುದಿಲ್ಲ. ಮಾಧ್ಯಮದ ಪಕ್ಷಪಾತವೇ ಇಷ್ಟು ಪಟ್ಟು ಬೆಳೆದಿದೆ ಎಂಬುದಕ್ಕೆ ಈ ಕುಸಿತವೊಂದೇ ಪುರಾವೆಯಾಗದು. ವರದಿಯ ದೋಷವನ್ನೂ ನೋಡುವವರ ನಿಲುವನ್ನೂ ಅದು ಬೇರ್ಪಡಿಸದೆ ಒಟ್ಟಾಗಿ ಅಳೆಯುತ್ತದೆ.

ಒಲವಿನ ಪರಿಣಾಮ ಚಿಕ್ಕದೆಂದು ತಳ್ಳಿಹಾಕುವಂತೆಯೂ ಇಲ್ಲ. ರಿಪಬ್ಲಿಕನ್ನರತ್ತ ಒಲವಿರುವ ಟಿ.ವಿ. ಸುದ್ದಿವಾಹಿನಿ ಫಾಕ್ಸ್ ನ್ಯೂಸ್ 1996ರಲ್ಲಿ ಆರಂಭವಾದಾಗ ಎಲ್ಲ ಊರುಗಳ ಕೇಬಲ್‌ನಲ್ಲೂ ಒಮ್ಮೆಗೇ ಸಿಗಲಿಲ್ಲ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಈಥನ್ ಕ್ಯಾಪ್ಲನ್ ಅದು ಬಂದ ಊರುಗಳನ್ನು ಬಾರದ ಊರುಗಳೊಂದಿಗೆ ಹೋಲಿಸಿ, 2000ದ ಹೊತ್ತಿಗೆ ಬಂದ ಕಡೆ ರಿಪಬ್ಲಿಕನ್ ಮತಪ್ರಮಾಣ ಶೇಕಡಾ 0.4ರಿಂದ 0.7 ಅಂಶದಷ್ಟು ಹೆಚ್ಚಿತ್ತೆಂದು ಅಂದಾಜಿಸಿದರು. ಆ ವರ್ಷ ಫ್ಲಾರಿಡಾವನ್ನೂ, ಅದರೊಂದಿಗೆ ಅಧ್ಯಕ್ಷ ಪದವಿಯನ್ನೂ ಜಾರ್ಜ್ ಡಬ್ಲ್ಯೂ. ಬುಷ್ ಗೆದ್ದದ್ದು ಕೇವಲ 537 ಮತಗಳಿಂದ.