ಆಗದೇ ಹೋದ ಸಾವುಗಳನ್ನು ಎಣಿಸುವುದು ಹೇಗೆ?

ವಿಪತ್ತು ನಿರ್ವಹಣೆಯ ಯೋಜನೆ ಮುಗಿದ ಮೇಲೆ ಬರುವ ವರದಿಗಳನ್ನು ನೋಡಿ. ಇಷ್ಟು ಹಣ ಖರ್ಚಾಯಿತು, ಇಷ್ಟು ಆಶ್ರಯ ಕೇಂದ್ರ ಕಟ್ಟಿದೆವು, ಇಷ್ಟು ಜನರಿಗೆ ತರಬೇತಿ ಕೊಟ್ಟೆವು. ಎಲ್ಲಾ ನಿಜವೇ ಇರಬಹುದು. ಆದರೆ ಮುಂದಿನ ಚಂಡಮಾರುತಕ್ಕೆ ಜನ ಉಳೀತಾರಾ ಅನ್ನೋದಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ. ಕಟ್ಟಡ ಎಣಿಸೋದು ಸುಲಭ, ಅದಕ್ಕೇ ಎಣಿಸುತ್ತಾರೆ, ಅಷ್ಟೆ.

ಯೋಜನೆ ಗೆದ್ದರೆ ಏನೂ ಆಗಿರುವುದಿಲ್ಲ ಅಲ್ವಾ? ಕಷ್ಟ ಇರುವುದೇ ಅಲ್ಲಿ.

ಬಾಂಗ್ಲಾದೇಶವನ್ನೇ ತೆಗೆದುಕೊಳ್ಳಿ. 1970ರ ಭೋಲಾ ಚಂಡಮಾರುತದಲ್ಲಿ ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. 1991ರಲ್ಲಿ ಸುಮಾರು 1,38,000. 2007ರ ಸಿದ್ರ್‌ನಲ್ಲಿ ಸುಮಾರು 3,400. ಈ ನಡುವೆ ಅಲ್ಲಿನ ಜನಸಂಖ್ಯೆ ಹೆಚ್ಚೂಕಡಿಮೆ ದುಪ್ಪಟ್ಟಾಗಿತ್ತು, ಹಾಗಾಗಿ ನಿಜವಾದ ಇಳಿಕೆ ಇನ್ನೂ ಜಾಸ್ತಿ. ಮೆಗಾಫೋನ್ ಹಿಡಿದು ಮನೆ ಮನೆಗೆ ಹೋಗುವ ಸ್ವಯಂಸೇವಕರು, ಆಶ್ರಯ ಕೇಂದ್ರಗಳು, ಉತ್ತಮ ಮುನ್ಸೂಚನೆ, ಎಲ್ಲವೂ ಕೆಲಸ ಮಾಡಿವೆ. ಆದರೆ ಪೂರ್ತಿ ಅಂಕ ಅವಕ್ಕೇ ಕೊಡುವ ಹಾಗಿಲ್ಲ. ಸಿದ್ರ್ ದಡ ಸೇರಿದ್ದು ಸುಂದರಬನದ ಹತ್ತಿರ, ಅಲ್ಲಿನ ಮ್ಯಾಂಗ್ರೋವ್ ಕಾಡು ಒಂದಷ್ಟು ಹೊಡೆತ ತಾನೇ ತಿಂದಿತು. ಅದೇ ಬಿರುಗಾಳಿ ಬೇರೆ ಕಡೆ ಬಂದಿದ್ದರೆ? ಪ್ರಯೋಗಾಲಯದಲ್ಲಾದರೆ ಇನ್ನೊಂದು ಸಲ ಮಾಡಿ ನೋಡಬಹುದಿತ್ತು.

ಇಂಥ ಏರಿಳಿತ ಗೊತ್ತಿದ್ದೇ, ವಿಪತ್ತಿನ ಹಾನಿ ತಗ್ಗಿಸಲು ದೇಶಗಳು 2015ರಲ್ಲಿ ಮಾಡಿಕೊಂಡ ಸೆಂಡೈ ಒಪ್ಪಂದ ಒಂದೊಂದು ವರ್ಷವನ್ನು ಹೋಲಿಸುವುದಿಲ್ಲ. ಲಕ್ಷ ಜನಕ್ಕೆ ಎಷ್ಟು ಸಾವು ಅಂತ ಲೆಕ್ಕ ಹಾಕಿ, 2005ರಿಂದ 2015ರವರೆಗಿನ ಸರಾಸರಿಯನ್ನು 2020ರಿಂದ 2030ರ ಸರಾಸರಿಯ ಪಕ್ಕ ಇಡುತ್ತದೆ. ಒಳ್ಳೆಯ ಲೆಕ್ಕವೇ. ಆದರೆ ಮೂರು ವರ್ಷದ ಯೋಜನೆ ನಡೆಸುವವರಿಗೆ ಅದರಿಂದ ಏನು ಸಿಗುತ್ತೆ?

ಅವರು ಹತ್ತಿರದಿಂದ ನೋಡಬೇಕು. 1991ರಲ್ಲಿ ಸತ್ತವರಲ್ಲಿ ಹೆಂಗಸರೇ ಹೆಚ್ಚು. ಆಶ್ರಯ ಕೇಂದ್ರದಲ್ಲಿ ಗಂಡಸರ ಜೊತೆ ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಇರಬೇಕು ಅಂತ ಹಿಂಜರಿದವರಿದ್ದರು, ದನಕರು ಬಿಟ್ಟು ಬರಲಾಗದೆ ಉಳಿದವರೂ ಇದ್ದರು. ಕಾಗದದ ಮೇಲೆ ಕೇಂದ್ರವೇನೋ ಇತ್ತು. ಆಮೇಲೆ ಕಟ್ಟಿದ ಎಷ್ಟೋ ಕೇಂದ್ರಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ ಬಂತು, ದನಗಳಿಗೆ ಎತ್ತರದ ಮಣ್ಣಿನ ದಿಬ್ಬ ಬಂತು. ಹಾಗಾಗಿ ಕೇಳಬೇಕಾದ್ದು ಇಂಥದ್ದು: ರಾತ್ರಿ ಹೊತ್ತು ಬೀಗದ ಕೈ ಯಾರ ಹತ್ತಿರ ಇರುತ್ತೆ, ಶೌಚಾಲಯಕ್ಕೆ ನೀರಿದೆಯಾ, ನಡೆಯಲಾಗದ ಅಜ್ಜಿಯನ್ನು ಯಾರು ಎತ್ತಿಕೊಂಡು ಬರುತ್ತಾರೆ.

ಇನ್ನು ಮುನ್ಸೂಚನೆ. ಇಲ್ಲಿ ಅಂಕಿಗಳು ಚೆನ್ನಾಗಿಯೇ ಮೋಸ ಮಾಡುತ್ತವೆ. 1884ರಲ್ಲಿ ಅಮೆರಿಕದ ಸೇನೆಯ ಜಾನ್ ಫಿನ್ಲೆ ಸುಂಟರಗಾಳಿ ಬರುತ್ತದೋ ಇಲ್ಲವೋ ಅಂತ 2,803 ಮುನ್ಸೂಚನೆ ಕೊಟ್ಟು, ನೂರಕ್ಕೆ 96.6ರಷ್ಟು ಸರಿ ಅಂತ ತೋರಿಸಿದರು. ಅದೇ ವರ್ಷ ಭೂವಿಜ್ಞಾನಿ ಗಿಲ್ಬರ್ಟ್ ಆ ಅಂಕಿಗಳನ್ನು ಬಿಡಿಸಿ ನೋಡಿದರು. 'ಬರುತ್ತದೆ' ಅಂದದ್ದು 100 ಸಲ, ನಿಜವಾಗಿ ಬಂದದ್ದು 28 ಸಲ. ಹೇಳದೇ ಬಂದದ್ದು 23 ಸಲ. ಸುಮ್ನೆ ಪ್ರತಿ ಸಲವೂ 'ಬರಲ್ಲ' ಅಂದಿದ್ದರೆ 98.2 ಬರುತ್ತಿತ್ತು! ಬರಲ್ಲ ಅಂದು ಬರದೇ ಹೋದದ್ದನ್ನೆಲ್ಲಾ ಪಕ್ಕಕ್ಕಿಟ್ಟರೆ ಉಳಿಯುವುದು 123ರಲ್ಲಿ 28, ಅಂದರೆ ನೂರಕ್ಕೆ 23ರಷ್ಟು. ಅಪರೂಪಕ್ಕೆ ಆಗುವ ಘಟನೆಗಳಿಗೆ ಇವತ್ತಿಗೂ ಇದೇ ಥರದ ಲೆಕ್ಕ ಬಳಸುತ್ತಾರೆ.

ಸುಳ್ಳು ಎಚ್ಚರಿಕೆ ಮತ್ತು ತಪ್ಪಿಹೋದ ಎಚ್ಚರಿಕೆ, ಎರಡನ್ನೂ ಬೇರೆ ಬೇರೆ ಎಣಿಸುವುದು ಇದಕ್ಕೇ. ಬರೀ ಸುಳ್ಳು ಎಚ್ಚರಿಕೆಗೆ ಬೈದರೆ ಮುಂದಿನ ಸಲ ಅಧಿಕಾರಿ ಸೈರನ್ ಒತ್ತಲು ಹಿಂದೆಮುಂದೆ ನೋಡುತ್ತಾನೆ. ಬರೀ ತಪ್ಪಿದ್ದಕ್ಕೆ ಬೈದರೆ ಮೋಡ ಕವಿದಾಗೆಲ್ಲಾ ಒತ್ತುತ್ತಾನೆ, ಆಮೇಲೆ ಜನ ಏಳುವುದೇ ಇಲ್ಲ.

ದೊಡ್ಡ ವಿಪತ್ತು ಬರುವ ಮೊದಲೇ ಯೋಜನೆ ಮುಗಿದುಹೋಗುವುದೂ ಉಂಟು. ಆಗ ಉಳಿಯುವುದು ಅಣಕು ಕಾರ್ಯಾಚರಣೆ, ಅದೂ ಗಡಿಯಾರ ಹಿಡಿದು: ಎಚ್ಚರಿಕೆ ಹೊರಟದ್ದು ಎಷ್ಟಕ್ಕೆ, ಊರಿಗೆ ಮುಟ್ಟಿದ್ದು ಎಷ್ಟಕ್ಕೆ, ಕೊನೆಯ ಮನೆಯವರು ಬಾಗಿಲು ದಾಟಿದ್ದು ಎಷ್ಟಕ್ಕೆ. ತಾರೀಖು ಮೊದಲೇ ಹೇಳಿ, ಹಗಲು ಹನ್ನೊಂದಕ್ಕೆ ಟೋಪಿ ಹಾಕಿಸಿ ಫೋಟೊ ತೆಗೆಸುವ ಡ್ರಿಲ್‌ನಿಂದ ಇದು ಗೊತ್ತಾಗಲ್ಲ. ಸರಿರಾತ್ರಿಯಲ್ಲಿ, ಕರೆಂಟ್ ಇಲ್ಲದಾಗ, ಯಾರಿಗೂ ಹೇಳದೆ ಮಾಡಿ ನೋಡಬೇಕು.