ಉರುಳಿಗೆ ಬಿದ್ದ ಪ್ರಾಣಿ ಮುಂದೆ ಮೊಬೈಲ್ ಎತ್ತೋ ಮೊದಲು

ಚಿರತೆ ಉರುಳಿಗೆ ಬಿದ್ದಿದೆ ಅಂತ ಅರಣ್ಯ ಇಲಾಖೆಯಿಂದ ನಮಗೆ ಫೋನ್ ಬರೋ ಹೊತ್ತಿಗೆ ಅದರ ವಿಡಿಯೋ ಆಗ್ಲೇ ನಾಲ್ಕೈದು ವಾಟ್ಸಾಪ್ ಗ್ರೂಪ್ ಸುತ್ತಿ ಬಂದಿರುತ್ತೆ. ಹೊಸನಗರ ಇರ್ಲಿ, ತೀರ್ಥಹಳ್ಳಿ ಇರ್ಲಿ, ಸಾಗರ ಇರ್ಲಿ, ಎಲ್ಲಾ ಕಡೆ ಇದೇ ಕಥೆ. ವನ್ಯಜೀವಿ ಪಶುವೈದ್ಯನಾಗಿ ನಂಗೆ ಆ ವಿಡಿಯೋ ಕೆಲಸಕ್ಕೂ ಬರುತ್ತೆ, ಇಲ್ಲ ಅನ್ನಲ್ಲ. ತಂತಿ ಕುತ್ತಿಗೆಗೆ ಬಿದ್ದಿದ್ಯಾ ಸೊಂಟಕ್ಕಾ, ಗಂಡಾ ಹೆಣ್ಣಾ, ತೂಕ ಎಷ್ಟಿರಬಹುದು ಅಂತ ದಾರೀಲೇ ಅಂದಾಜು ಸಿಗುತ್ತೆ. ಆದ್ರೆ ಅದೇ ವಿಡಿಯೋನ ಎಷ್ಟು ಹತ್ರ ನಿಂತು ತೆಗೆದಿದಾರೆ, ಹಿಂದೆ ಎಷ್ಟು ಜನ ಕೂಗಾಡ್ತಿದಾರೆ ಅಂತ ನೋಡಿದ್ರೆ ಈ ಪ್ರಾಣಿ ಉಳಿಯೋದು ಕಷ್ಟ ಅಂತನೂ ಅಲ್ಲೇ ಗೊತ್ತಾಗ್ಬಿಡುತ್ತೆ.

ಬೇಟೆ, ಉರುಳು, ಬೋನು, ಇವುಗಳ ನಡುವೆ ಫೋಟೋ ತೆಗೆಯೋದು ಸರಿನಾ ತಪ್ಪಾ ಅಂತ ಬಹಳ ಜನ ಕೇಳ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಪ್ರಾಣಿ ಜೀವಂತ ಸಿಕ್ಕಾಕ್ಕೊಂಡಿರೋ ಹೊತ್ತಲ್ಲಿ ತೆಗೆಯೋ ಫೋಟೋ ಆ ಪ್ರಾಣಿ ಕೆಲಸಕ್ಕೇ ಬರಬೇಕು. ಅದನ್ನ ಬಿಡಿಸೋಕೆ, ಅದಕ್ಕೆ ಔಷಧಿ ಕೊಡೋಕೆ, ಉರುಳು ಹಾಕಿದೋರ ಮೇಲೆ ಕೇಸ್ ನಿಲ್ಲಿಸೋಕೆ, ಇಷ್ಟಕ್ಕೆ. ಬೇರೆ ಯಾವ ಕಾರಣಕ್ಕೂ ಆ ಹೊತ್ತಲ್ಲಿ ಕ್ಯಾಮೆರಾ ಹೊರಗೆ ಬರಬಾರದು.

ಯಾಕೆ ಇಷ್ಟು ಖಡಾಖಂಡಿತ ಹೇಳ್ತೀನಿ ಅಂತ ಅರ್ಥ ಆಗ್ಬೇಕಾದ್ರೆ ಉರುಳಲ್ಲಿ ಏನಾಗುತ್ತೆ ಅಂತ ತಿಳ್ಕೊಬೇಕು. ನಮ್ ಕಡೆ ಉರುಳು ಹಾಕೋದು ಹಂದಿಗೆ. ಶುಂಠಿ ಹೊಲನೋ ಗದ್ದೆನೋ ತೋಟನೋ, ಬೇಲಿಲಿ ಹಂದಿ ನುಗ್ಗೋ ಕಂಡಿ ಒಂದು ಇದ್ದೇ ಇರುತ್ತಲ್ಲ, ಅಲ್ಲಿಗೆ ಬೈಕಿನ ಕ್ಲಚ್ ವೈರನ್ನ ಕುಣಿಕೆ ಮಾಡಿ ಗೂಟಕ್ಕೋ ಮರದ ಬುಡಕ್ಕೋ ಕಟ್ತಾರೆ. ರಾತ್ರಿ ಅದೇ ಕಂಡಿಲಿ ಚಿರತೆನೂ ನುಸುಳುತ್ತೆ. ತಲೆ, ಮುಂಗಾಲು ದಾಟಿ ಹೋಗಿ ಸೊಂಟಕ್ಕೆ ಬಂದು ತಂತಿ ಬಿಗಿಯುತ್ತೆ, ಎಳೆದಷ್ಟೂ ಬಿಗಿ. ಹೊರಗಿಂದ ನೋಡಿದ್ರೆ ಕೂದಲು ಒಳಗೆ ಒಂದು ಗೆರೆ ಅಷ್ಟೇ ಕಾಣೋದು, ರಕ್ತನೂ ಜಾಸ್ತಿ ಇರಲ್ಲ, ಅದಕ್ಕೇ ಜನ "ಏನೂ ಆಗಿಲ್ಲ ಡಾಕ್ಟ್ರೇ, ಗಟ್ಟಿಯಾಗಿದೆ, ಗುರ್ ಅಂತಿದೆ" ಅಂತಾರೆ. ಒಳಗೆ ಕರುಳಿಗೆ, ಕಿಡ್ನಿಗೆ ಪೆಟ್ಟು ಬಿದ್ದಿರುತ್ತೆ.

ಅದಕ್ಕಿಂತ ಕೆಟ್ಟದ್ದು ಒಂದಿದೆ, ಕ್ಯಾಪ್ಚರ್ ಮಯೋಪತಿ ಅಂತೀವಿ. ಪ್ರಾಣಿ ಭಯದಲ್ಲಿ ಶಕ್ತಿ ಮೀರಿ ಒದ್ದಾಡಿದಾಗ ಮಾಂಸಖಂಡಕ್ಕೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಸಿಡ್ ತುಂಬ್ಕೊಳ್ಳುತ್ತೆ, ಮೈ ಶಾಖ ಏರುತ್ತೆ, ಕೊನೆಗೆ ಮಾಂಸಖಂಡನೇ ಒಡೆದು ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿನ ಕಟ್ಟಾಕ್ಬಿಡುತ್ತೆ. ಅಭ್ಯಾಸ ಇಲ್ದೋರು ಮೊದಲ ದಿನ ನಟ್ಟಿಗೆ ಇಳಿದ್ರೆ ಮಾರನೇ ದಿನ ಮೈಕೈ ಹಿಡ್ಕೊಳ್ಳುತ್ತಲ್ಲ, ಅದೇ ಜಾತಿಯ ನೋವು ಸಾಯೋ ಮಟ್ಟಕ್ಕೆ ಹೋಗೋದು ಅಂದ್ಕೊಳ್ಳಿ. ಇದರ ಮೋಸ ಏನಂದ್ರೆ ಪ್ರಾಣಿ ತಕ್ಷಣ ಸಾಯಲ್ಲ. ತಂತಿ ಕತ್ತರಿಸಿ ಬಿಟ್ಟಾಗ ಎದ್ದು ಓಡಿದ್ದನ್ನ ಊರೆಲ್ಲ ನೋಡಿ ಚಪ್ಪಾಳೆ ಹೊಡೆದಿರ್ತಾರೆ, ಆಮೇಲೆ ಕೆಲವು ಗಂಟೆಗೋ ಕೆಲವು ದಿನಕ್ಕೋ ಕಾನಿನ ಒಳಗೆಲ್ಲೋ ಸತ್ತು ಬಿದ್ದಿರುತ್ತೆ. ಇದಕ್ಕೆ ಒಳ್ಳೆ ಚಿಕಿತ್ಸೆ ಅಂತ ಇಲ್ಲ, ಬರದೇ ಇರೋ ಹಾಗೆ ನೋಡ್ಕೊಬೇಕು ಅಷ್ಟೇ, ಅಂದ್ರೆ ಒದ್ದಾಟ ಕಮ್ಮಿ ಮಾಡ್ಬೇಕು. ಈಗ ಯೋಚನೆ ಮಾಡಿ, ಮೊಬೈಲ್ ಹಿಡ್ಕೊಂಡು ಒಬ್ಬ ಹತ್ರ ಹೋದ ಪ್ರತಿ ಸಲನೂ ಅದು ತಂತಿ ಎಳೆದು ಎಗರುತ್ತೆ. ಒಬ್ಬ ಹೋಗಿ ಬಂದ ಮೇಲೆ ಇನ್ನೊಬ್ಬ ಹೋಗ್ತಾನೆ. ಒಂದೊಂದು ಕ್ಲಿಪ್ಪಿಗೂ ಒಂದೊಂದು ಎಗರಾಟ.

ನಾವು ಬಂದ್ಮೇಲೂ ತಾಪತ್ರಯ ತಪ್ಪಲ್ಲ. ಚಿರತೆಗೆ ಸಾಮಾನ್ಯವಾಗಿ ಕೆಟಮಿನ್, ಜೈಲಜಿನ್ ಅನ್ನೋ ಅರವಳಿಕೆ ಔಷಧಿ ಸೇರಿಸಿ ಡಾರ್ಟ್ ಮಾಡ್ತೀವಿ, ಅಂದ್ರೆ ದೂರದಿಂದ ಸೂಜಿ ಹಾರಿಸ್ತೀವಿ. ಸುತ್ತ ಶಾಂತ ಇದ್ರೆ ಕೆಲವೇ ನಿಮಿಷದಲ್ಲಿ ತಲೆ ವಾಲಿಸಿ ಮಲಗುತ್ತೆ. ದರೆ ಮೇಲೆಲ್ಲ ಜನ ಹತ್ತಿ ಸಿಳ್ಳೆ ಹೊಡೀತಿದ್ರೆ ಭಯಕ್ಕೆ ಮೈಯಲ್ಲಿ ಏರೋ ಅಡ್ರಿನಲಿನ್ ಆ ಔಷಧಿಗೆ ಎದುರಾಗಿ ನಿಲ್ಲುತ್ತೆ, ಪ್ರಾಣಿ ಮಲಗಲ್ಲ, ಇನ್ನೊಂದು ಡೋಸ್ ಕೊಡ್ಬೇಕಾಗುತ್ತೆ, ಮೊದಲೇ ದಣಿದ ಹೃದಯಕ್ಕೆ ಅದು ಇನ್ನೊಂದು ಹೊರೆ. ಮಲಗಿದ ಮೇಲೆ ಜನ ಒಂದು ತಪ್ಪು ತಿಳ್ಕೊತಾರೆ, ಕಣ್ಣು ಬಿಟ್ಕೊಂಡೇ ಇದೆಯಲ್ಲ ಎಚ್ಚರ ಇದೆ ಅಂತ. ಕೆಟಮಿನ್ ಕೊಟ್ರೆ ಕಣ್ಣು ಮುಚ್ಚಲ್ಲ, ರೆಪ್ಪೆನೂ ಬಡಿಯಲ್ಲ, ಪಾಪೆ ಅಗಲವಾಗಿ ತೆರೆದಿರುತ್ತೆ. ಅದಕ್ಕೇ ನಾವು ಮೊದಲು ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟೋದು. ಆ ಬಟ್ಟೆ ತೆಗೀರಿ ಸಾರ್, ಮುಖ ಕಾಣ್ತಿಲ್ಲ, ಒಂದ್ ಫೋಟೋ ಅಂತ ಕೇಳೋರು ಇದಾರೆ. ತೆರೆದ ಕಣ್ಣಿಗೆ ಬಿಸಿಲು, ಮೇಲಿಂದ ಫ್ಲ್ಯಾಶ್. ತೆಗೆಯಲ್ಲ ಅಂದ್ರೆ ಬೇಜಾರು ಮಾಡ್ಕೊತಾರೆ, ಮಾಡ್ಕೊಳ್ಳಿ ಪರವಾಗಿಲ್ಲ.

ಬೋನಿನ ವಿಚಾರ ಬೇರೆ ಥರ. ಇಲಾಖೆ ಇಟ್ಟ ಬೋನಿಗೆ ಚಿರತೆ ಬಿತ್ತು ಅಂದ್ರೆ ಬೆಳಿಗ್ಗೆ ಊರೇ ಸೇರುತ್ತೆ, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಬರ್ತಾರೆ, ಸರಳಿನ ಸಂದಿಗೆ ಮೊಬೈಲ್ ಇಟ್ಟು ವಿಡಿಯೋ ಮಾಡ್ತಾರೆ. ಅದು ಸರಳು ಕಚ್ಚುತ್ತೆ, ಹಣೆ ಚಚ್ಕೊಳ್ಳುತ್ತೆ. ಕೋರೆಹಲ್ಲು ಮುರಿಯೋದು ಇಲ್ಲೇ. ಕೋರೆಹಲ್ಲು ಇಲ್ಲದ ಚಿರತೆಗೆ ಜಿಂಕೆ ಕುತ್ತಿಗೆ ಹಿಡಿಯಕ್ಕಾಗಲ್ಲ, ಅದನ್ನ ಕಾಡಿಗೆ ಬಿಟ್ರೆ ನಾಯಿ, ಕರು ಹುಡುಕ್ಕೊಂಡು ಮತ್ತೆ ಊರಿಗೇ ಬರುತ್ತೆ, ಬಿಡದೇ ಇದ್ರೆ ಜೀವನಪೂರ್ತಿ ಬಂಧನ. ಒಂದು ಟಾರ್ಪಾಲ್ ಹೊದಿಸಿ ಜನರನ್ನ ದೂರ ಇಟ್ಟಿದ್ರೆ ಆ ಹಲ್ಲು ಉಳೀತಿತ್ತು. ನೆರಳು ಬಿದ್ದ ಕೂಡ್ಲೇ ಚಿರತೆ ಎಷ್ಟು ಬೇಗ ತಣ್ಣಗಾಗುತ್ತೆ ಅಂತ ನೋಡಿದೋರಿಗೆ ಗೊತ್ತು, ಮೂಲೆಗೆ ಸರಿದು ಮುದುಡಿ ಕೂತ್ಬಿಡುತ್ತೆ.

ನಮ್ಮ ವೃತ್ತಿಯವರ ಬಗ್ಗೆನೂ ಹೇಳ್ಬೇಕು. ಅರವಳಿಕೆಲಿ ಮಲಗಿದ ಪ್ರಾಣಿನ ಕಿವಿ ಹಿಡಿದು ತಲೆ ಎತ್ತಿಸಿ, ಬಾಲ ಹಿಡಿದು ಸಾಲಾಗಿ ನಿಂತು ಗ್ರೂಪ್ ಫೋಟೋ ತೆಗೆಸ್ಕೊಳ್ಳೋ ಪದ್ಧತಿ ರಕ್ಷಣಾ ತಂಡಗಳಲ್ಲೇ ಇದೆ, ದಿನಪತ್ರಿಕೆಲಿ ಅದೇ ಅಚ್ಚಾಗುತ್ತೆ. ಅದು ಹೋಗ್ಬೇಕು. ಹಳೇ ಕಾಲದ ದೊರೆಗಳು ಸತ್ತ ಹುಲಿ ಮುಂದೆ ಕೂತು ತೆಗೆಸಿದ ಫೋಟೋಗೂ ಇದಕ್ಕೂ ನೋಡೋರ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲ್ಲ, ಕಾಪಾಡಿದೋರು ಅಂತ ಮುಖದ ಮೇಲೆ ಬರ್ಕೊಂಡಿರಲ್ಲವಲ್ಲ. ಹಾಗಂತ ನಾವು ಫೋಟೋನೇ ತೆಗೆಯಬಾರದು ಅಂತಲ್ಲ, ತೆಗೆಯಲೇಬೇಕು. ಎಡ ಮಗ್ಗುಲು, ಬಲ ಮಗ್ಗುಲು ಎರಡೂ ಬೇಕು, ಚಿರತೆ ಮೈಮೇಲಿನ ಚುಕ್ಕೆ ಒಂದರದ್ದು ಇನ್ನೊಂದಕ್ಕೆ ಹೋಲಲ್ಲ, ಅದರ ಎರಡು ಪಕ್ಕದ್ದೂ ಒಂದೇ ಥರ ಇರಲ್ಲ, ಮುಂದೆ ಎಲ್ಲಾದ್ರೂ ಸಿಕ್ರೆ ಗುರುತು ಹಿಡಿಯೋಕೆ ಅದೇ ದಾಖಲೆ. ಹಲ್ಲು, ಗಾಯದ ಪಕ್ಕ ಸ್ಕೇಲ್ ಇಟ್ಟು ಗಾಯ, ತಂತಿಯ ಗಂಟು ಯಾವ ಥರ ಹಾಕಿದಾರೆ ಅನ್ನೋದು, ತಂತಿ ಕಟ್ಟಿದ ಗೂಟ. ಇದಕ್ಕೆ ಒಬ್ಬ ಮನುಷ್ಯ ಸಾಕು, ಅಷ್ಟರಲ್ಲಿ ಉಳಿದೋರು ಉಸಿರು ಎಣಿಸ್ತಾ ಮೈ ಶಾಖ ನೋಡ್ತಾ ಇರ್ತಾರೆ.

ಇನ್ನು ಹಂದಿ ಶಿಕಾರಿ. ಹಂದಿ ಹೊಡೆದು ಅದರ ಮೇಲೆ ಕಾಲಿಟ್ಟು, ಪಕ್ಕದಲ್ಲಿ ಕೋವಿ ನಿಲ್ಲಿಸಿ ಸ್ಟೇಟಸ್ ಹಾಕೋ ಹುಡುಗರಿಗೆ ಕಾನೂನು ಏನು ಅಂತ ಪೂರ್ತಿ ಗೊತ್ತಿಲ್ಲ ಅನ್ಸುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಲಿ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ, ಉರುಳು ಹಾಕೋದು, ಹಿಡಿಯೋದು, ಓಡಿಸೋದು, ಆಮಿಷ ಇಡೋದು, ಇದಕ್ಕೆಲ್ಲ ಪ್ರಯತ್ನ ಮಾಡೋದು ಕೂಡ ಬೇಟೆನೇ. 2022ರ ತಿದ್ದುಪಡಿ ಆದ್ಮೇಲೆ ಕಾಡುಹಂದಿ ಎರಡನೇ ಶೆಡ್ಯೂಲಲ್ಲಿದೆ (ಶೆಡ್ಯೂಲ್ ಅಂದ್ರೆ ಕಾಯ್ದೆ ರಕ್ಷಣೆ ಕೊಡೋ ಪ್ರಾಣಿಗಳ ಪಟ್ಟಿ), ಚಿರತೆ ಒಂದನೇದರಲ್ಲಿದೆ. ಒಂದನೇ ಶೆಡ್ಯೂಲಿನ ಪ್ರಾಣಿ ಬೇಟೆಗೆ 3 ವರ್ಷಕ್ಕೆ ಕಮ್ಮಿ ಇಲ್ಲದೆ 7 ವರ್ಷದವರೆಗೆ ಜೈಲು. ಹಂದಿಗೆ ಹಾಕಿದ್ದೆ ಸ್ವಾಮಿ, ಚಿರತೆ ಬಿದ್ರೆ ನಾನೇನ್ ಮಾಡ್ಲಿ ಅನ್ನೋ ಮಾತು ತಪ್ಪಿಸ್ಕೊಳ್ಳೋ ದಾರಿ ಅಲ್ಲ, ಉರುಳು ಹಾಕಿದ್ದೇ ಅಪರಾಧ. ಬೆಳೆ ಹಾಳು ಮಾಡೋ ಪ್ರಾಣಿ ವಿಚಾರಕ್ಕೆ ಕಾಯ್ದೆಯ 11ನೇ ಸೆಕ್ಷನ್ನಲ್ಲಿ ಅನುಮತಿ ಕೊಡೋಕೆ ದಾರಿ ಇದೆ, ಅದು ಲಿಖಿತ ಆದೇಶದ ಮೇಲೆ, ಅವರವರೇ ತೀರ್ಮಾನ ಮಾಡೋ ಹಾಗಿಲ್ಲ. ಆ ಸ್ಟೇಟಸ್ ಫೋಟೋ ನಾಳೆ ಸಾಕ್ಷಿ ಆಗುತ್ತೆ.

ಆದ್ರೆ ಸಿಕ್ಕಿಬೀಳ್ತೀರಿ, ಅದಕ್ಕೆ ಹಾಕ್ಬೇಡಿ ಅಂತ ಹೇಳಿ ಮುಗಿಸೋಕೆ ನಂಗೆ ಮನಸ್ಸಿಲ್ಲ. ಅಮೆರಿಕದಂಥ ಕಡೆ ಬೇಟೆಗೂ ಉರುಳಿಗೂ ಲೈಸೆನ್ಸ್ ಇದೆ, ಅಲ್ಲಿ ಹೊಸ ಬೇಟೆಗಾರರಿಗೆ ಫೋಟೋ ತೆಗೆಯೋ ರೀತಿನೂ ಹೇಳಿಕೊಡ್ತಾರೆ. ರಕ್ತ ಒರೆಸಿ, ನಾಲಿಗೆ ಹೊರಗೆ ಬಿದ್ದಿದ್ರೆ ಒಳಗೆ ಸೇರಿಸಿ, ಪ್ರಾಣಿ ಮೇಲೆ ಕೂರಬೇಡಿ, ಟ್ರಕ್ಕಿನ ಹಿಂದೆ ಎಸೆದಿರೋ ಹಾಗೆ ತೋರಿಸಬೇಡಿ ಅಂತ. ಇದರಲ್ಲಿ ಅರ್ಧ ನಂಗೆ ಒಪ್ಪಿಗೆ. ಸತ್ತ ಪ್ರಾಣಿ ಮೇಲೆ ಕೂರಬಾರದು ಅನ್ನೋದು ಯಾವ ಊರಲ್ಲಾದ್ರೂ ಸರಿನೇ, ಮೊದಲು ಅದರ ಜೀವ ಹೋಗಲಿ, ಆಮೇಲೆ ಕ್ಯಾಮೆರಾ ಅನ್ನೋದೂ ಸರಿ. ರಕ್ತ ಒರೆಸೋ ವಿಚಾರ ಮಾತ್ರ ನಂಗೆ ಒಪ್ಪಕ್ಕಾಗಲ್ಲ. ಒರೆಸೋದು ನೋಡೋರಿಗೆ ಕಸಿವಿಸಿ ಆಗಬಾರದು ಅಂತ, ಪ್ರಾಣಿಗೆ ಅದರಿಂದ ಏನೂ ಇಲ್ಲ. ಒದ್ದಾಡಿದ್ದು, ಉಗುರು ಕಿತ್ತುಹೋಗಿದ್ದು, ನೆಲ ಕೆರೆದು ಗುಂಡಿ ಆಗಿದ್ದು ಇದೆಲ್ಲ ಮುಚ್ಚಿಟ್ಟು ಮಲಗಿದ ಹಾಗೆ ತೋರಿಸಿದ್ರೆ ಆ ಫೋಟೋ ಸುಳ್ಳು ಹೇಳ್ತಿದೆ ಅಂತಾನೇ ನಾನು ಹೇಳೋದು. ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಉರುಳು ಇಟ್ಟೋರು ದಿನಕ್ಕೊಂದ್ಸಲ ಹೋಗಿ ನೋಡ್ಲೇಬೇಕು ಅಂತ ನಿಯಮ ಇದೆ, ನಮ್ಮಲ್ಲಿ ಕದ್ದು ಹಾಕೋದಲ್ವಾ, ಯಾರು ಹಾಕಿದ್ದು ಅಂತ ಯಾರೂ ಒಪ್ಪಲ್ಲ, ಹಾಕಿದೋರು ಹೆದರಿ ಆ ಕಡೆ ತಲೆನೂ ಹಾಕಲ್ಲ, ಪ್ರಾಣಿ ಎರಡು ದಿನ ನೇತಾಡಿದ್ರೂ ಕೇಳೋರಿಲ್ಲ.

ಅದಕ್ಕೇ ಗಾಯದ ಫೋಟೋ ಮುಚ್ಚಿಡೋದು ತಪ್ಪು ಅಂತ ನನ್ನ ವಾದ. ಊರುಗಳಲ್ಲಿ ರೈತರ ಸಭೆ ನಡೆದಾಗ ನಾನು ಶವಪರೀಕ್ಷೆಯ ಫೋಟೋ ತೋರಿಸ್ತೀನಿ, ತಂತಿ ಮಾಂಸದೊಳಗೆ ಹೂತಿರೋದು, ಹೆಣ್ಣಾಗಿದ್ರೆ ಕೆಚ್ಚಲಲ್ಲಿ ಹಾಲಿರೋದು. ಎಲ್ಲೋ ಮರಿಗಳಿದಾವೆ ಅಂತ ಬಾಯ್ಬಿಟ್ಟು ಹೇಳ್ಬೇಕಾಗಿಲ್ಲ, ದನ ಸಾಕಿದೋರಿಗೆ ನೋಡಿದ ಕೂಡ್ಲೇ ಗೊತ್ತಾಗುತ್ತೆ. ಅಲ್ಲಿ ಜಾಗದ ಹೆಸರು, ಜಮೀನಿನೋರ ಹೆಸರು, ಮುಖ ಏನೂ ತೋರಿಸಲ್ಲ. ಒಬ್ಬ ರೈತನ್ನ ಊರ ಮುಂದೆ ಅವಮಾನ ಮಾಡಿದ್ರೆ ಮುಂದಿನ ಸಲ ಪ್ರಾಣಿ ಉರುಳಿಗೆ ಬಿದ್ರೆ ನಮಗೆ ಫೋನೇ ಬರಲ್ಲ, ರಾತ್ರೋರಾತ್ರಿ ಹೂತ್ಹಾಕ್ತಾರೆ. ರೈತರ ಸಿಟ್ಟು ಸುಮ್ಮನೆ ಬಂದಿದ್ದೂ ಅಲ್ಲ. ಒಂದು ರಾತ್ರಿಲಿ ಶುಂಠಿ ಹೊಲ ಉತ್ತಿದ ಹಾಗೆ ಆಗಿರೋದನ್ನ ನಾನೂ ನಿಂತು ನೋಡಿದೀನಿ.

ಕೋವಿ ಬಿಟ್ಟು ಕ್ಯಾಮೆರಾ ಹಿಡಿದೋರ ಪರಂಪರೆ ದೊಡ್ಡದಿದೆ. ಅಮೆರಿಕದ ಜಾರ್ಜ್ ಶಿರಾಸ್ ರಾತ್ರಿ ಹೊತ್ತು ಪ್ರಾಣಿಗಳ ಫೋಟೋ ತೆಗೆದು 1906ರಲ್ಲೇ ಪ್ರಕಟಿಸಿದ್ರು, ಉತ್ತರ ಭಾರತದಲ್ಲಿ ಅರಣ್ಯಾಧಿಕಾರಿ ಆಗಿದ್ದ ಎಫ್. ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲಿ ದಾರಿಗೆ ತಂತಿ ಕಟ್ಟಿ, ಹುಲಿ ತುಳಿದ್ರೆ ಅದರ ಫೋಟೋ ತಾನೇ ಬೀಳೋ ಹಾಗೆ ಮಾಡಿದ್ರು. ನಮ್ಮ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಅದೇ ದಾರಿಯ ಕ್ಯಾಮೆರಾ ಟ್ರ್ಯಾಪನ್ನ ನಾಗರಹೊಳೆಲಿ ಹುಲಿ ಎಣಿಸೋಕೆ ಬಳಸಿದ್ರು, ಇವತ್ತು ಭದ್ರಾ ಹುಲಿ ಕಾಡಲ್ಲೂ ಹಾಗೇ ಎಣಿಸ್ತಾರೆ. ಆದ್ರೆ ಕೋವಿ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಆಗುಂಬೆ ಕಡೆ ಕಾಳಿಂಗ ಹಿಡಿದಾಗ ಬಾಲ ಹಿಡಿದೆತ್ತಿ, ಹೆಡೆ ಎತ್ತೋವರೆಗೂ ಕೆಣಕಿ ವಿಡಿಯೋ ಮಾಡ್ತಾರೆ, ಆ ಹಾವು ಚೀಲಕ್ಕೆ ಹೋಗೋಕೆ ಹವಣಿಸ್ತಿದ್ರೂ ಬಿಡಲ್ಲ. ಮಂಡಗದ್ದೆಲಿ ತುಂಗೆ ನಡುವಿನ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ತವೆ, ಅಲ್ಲಿಗೆ ಡ್ರೋನ್ ಹಾರಿಸಿದ್ರೆ ತಾಯಿ ಎದ್ದು ಹೋಗುತ್ತೆ, ಮರಿ ಮಳೇಲಿ ನೆನೀತವೆ, ಕಾಗೆ ಬಂದು ಮೊಟ್ಟೆ ಎತ್ಕೊಂಡು ಹೋಗುತ್ತೆ. ಫೋಟೋಗೆ ಅಂತ ಆಮಿಷ ಇಟ್ಟು ಪ್ರಾಣಿ ಕರೆಯೋರು ಕಾಯ್ದೆಯಲ್ಲಿ ಬೇಟೆಗೆ ಕೊಟ್ಟಿರೋ ಅರ್ಥ ಇನ್ನೊಂದ್ಸಲ ಓದ್ಕೊಳ್ಳಿ.

ಕ್ಯಾಮೆರಾ ಎಲ್ಲಿ ಬೇಕೋ ಅಲ್ಲಿ ಎತ್ತಿ. ಹಂದಿ, ಕಾಡುಕೋಣ ಬೆಳೆ ತುಳಿದ್ರೆ ಅದೇ ದಿನ ಹೊಲದ ಫೋಟೋ ತೆಗೀರಿ, ಹೆಜ್ಜೆ ಗುರುತು ಸಮೇತ, ಇಲಾಖೆಯ ಇ-ಪರಿಹಾರಕ್ಕೆ, ಅಂದ್ರೆ ಆನ್‌ಲೈನ್ ಪರಿಹಾರಕ್ಕೆ, ಅರ್ಜಿ ಹಾಕೋವಾಗ ಅದು ಬೇಕಾಗುತ್ತೆ. ಖಾಲಿ ಉರುಳು ಕಂಡ್ರೆ ಫೋಟೋ ತೆಗೆದು ಲೊಕೇಶನ್ ಸಮೇತ ಇಲಾಖೆಗೆ ಮಾತ್ರ ಕಳಿಸಿ, ಗ್ರೂಪಿಗೆ ಹಾಕಿದ್ರೆ ಹಾಕಿದೋನು ಬಂದು ಕಿತ್ಕೊಂಡು ಇನ್ನೊಂದು ಕಡೆ ಕಟ್ತಾನೆ. ಪ್ರಾಣಿ ಸಿಕ್ಕಾಕ್ಕೊಂಡಿದ್ರೆ ಇದ್ದಲ್ಲಿಂದಲೇ ಜೂಮ್ ಮಾಡಿ ಒಂದೇ ಒಂದು ಫೋಟೋ ತೆಗೀರಿ, ಫ್ಲ್ಯಾಶ್ ಆಫ್ ಇರ್ಲಿ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಕಾಲ್ ಮಾಡಿ, ಆ ಫೋಟೋ ಬರೋ ತಂಡಕ್ಕೆ ಕಳಿಸಿ. ಆಮೇಲೆ ನಿಮ್ಮ ಕೆಲಸ ರಸ್ತೆ ಹತ್ರ ನಿಂತು ಬರೋ ಬೈಕುಗಳನ್ನ ತಡೆಯೋದು, ನಾಯಿಗಳನ್ನ ಕಟ್ಟಿಸೋದು, ನಾವು ಬಂದಾಗ ಯಾವ ಕಡೆಯಿಂದ ಸದ್ದಿಲ್ಲದೆ ಇಳೀಬಹುದು ಅಂತ ತೋರಿಸೋದು.