ಅದೇ ಬೀಜ, ಅದೇ ಬಾಣಲೆ, ಕಾಫಿ ರುಚಿ ಮಾತ್ರ ಯಾಕೆ ಬೇರೆ?

ಪ್ರಶ್ನೆ: ನಾವು ಬಳ್ಳಾರಿಯವರು. ಚಿಕ್ಕಮಗಳೂರಿನಿಂದ ಹಸಿ ಕಾಫಿ ಬೀಜ ತರಿಸಿ, ಕಬ್ಬಿಣದ ಬಾಣಲೆಯಲ್ಲಿ ಮನೆಯಲ್ಲೇ ಹುರಿಯುತ್ತೇವೆ. ಪ್ರತಿ ಸಲವೂ ಸರಿಯಾಗಿ 12 ನಿಮಿಷ. ಆದರೂ ಒಮ್ಮೆ ಘಮಘಮ, ಒಮ್ಮೆ ಕಹಿ, ಇನ್ನೊಮ್ಮೆ ಹುಳಿ. ಯಾಕೆ ಹೀಗೆ?

ಉತ್ತರ: ಗಡಿಯಾರವನ್ನು ನಂಬಿದ್ದಕ್ಕೆ ಹೀಗಾಗುತ್ತಿದೆ. 12 ನಿಮಿಷ ಬದಲಾಗುವುದಿಲ್ಲ, ಆದರೆ ಅಷ್ಟರಲ್ಲಿ ಬೀಜಕ್ಕೆ ತಾಗುವ ಕಾವು ಪ್ರತಿ ಸಲ ಬದಲಾಗುತ್ತದೆ.

ಮೊದಲು ಬಾಣಲೆ ನೋಡಿ. ದಪ್ಪ ಕಬ್ಬಿಣ ಕಾವು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಸರದಿ ಇಳಿಸಿದ ತಕ್ಷಣ ಇನ್ನೊಂದು ಸುರಿದರೆ ಎರಡನೆಯದು ಬೇಗ ಕಪ್ಪಾಗುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ, ಬಾಣಲೆ ಪ್ರತಿ ಸಲ 200 ಡಿಗ್ರಿ ಆದಾಗಲೇ ಬೀಜ ಹಾಕಿ. ಬೀಜವನ್ನೂ ತೂಕ ಮಾಡಿಯೇ ಹಾಕಿ, 200 ಗ್ರಾಂ ಅಂದರೆ 200 ಗ್ರಾಂ. ಹುರಿಯುವಾಗ ಫ್ಯಾನ್ ಬೇಡ. ಸೆಕೆ ತಡೆಯಲಾಗದೆ ಹಾಕುತ್ತೇವೆ, ನಿಜ. ಆದರೆ ಉರಿ ಅಲುಗಾಡಿದರೆ ಕಾವು ಒಂದೇ ಸಮ ಇರುವುದಿಲ್ಲ.

ನಮ್ಮ ಕಡೆ ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ಹೊಸ ಬೀಜ ಒಣಗಿ, ಸಂಸ್ಕರಣೆಯಾಗಿ ಮನೆಗೆ ಬರುವ ಹೊತ್ತಿಗೆ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತಿರುತ್ತದೆ. ಹಸಿ ಬೀಜದಲ್ಲಿ ಶೇ. 10ರಿಂದ 12ರಷ್ಟು ತೇವ ಇರಬೇಕು. ಅಟ್ಟದ ಮೇಲೆ ಬಾಯಿ ಬಿಚ್ಚಿದ ಚೀಲದಲ್ಲಿ ಇಟ್ಟರೆ ಆ ತೇವ ಸುಮ್ನೆ ಆರಿಹೋಗುತ್ತದೆ. ಒಣಗಿದ ಬೀಜ ಬೇಗ ಹುರಿದುಹೋಗುತ್ತದೆ, ನಿಮ್ಮ 12 ನಿಮಿಷ ಅದಕ್ಕೆ ಅತಿಯಾಯಿತು. ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಮನೆಯೊಳಗೆ ತಂಪಿರುವ ಕಡೆ ಇಡಿ.

ಹಾಗಾದರೆ ಗಡಿಯಾರ ಬಿಟ್ಟು ಯಾವುದನ್ನು ನಂಬಬೇಕು? ಕಿವಿಯನ್ನು. ಶೇಂಗಾ ಹುರಿಯುವಾಗಲೂ ಚಟಪಟ ಕೇಳಿಯೇ ಇಳಿಸುತ್ತೇವೆ ಅಲ್ವಾ? ಬೀಜದ ಬಿಸಿ ಸುಮಾರು 196 ಡಿಗ್ರಿ ತಲುಪಿದಾಗ ಒಳಗಿನ ಹಬೆ, ಅನಿಲದ ಒತ್ತಡಕ್ಕೆ ಅದು ಬಿರಿಯುತ್ತದೆ. ಇದೇ ಫಸ್ಟ್ ಕ್ರ್ಯಾಕ್. ನಿಮಿಷ ಎಣಿಸುವುದನ್ನು ಅಲ್ಲಿಂದ ಶುರು ಮಾಡಿ. ಮಧ್ಯಮ ಹುರಿಗೆ ಅಲ್ಲಿಂದ ಎರಡು ನಿಮಿಷ ಇಟ್ಟು ನೋಡಿ. ಸುಮಾರು 225 ಡಿಗ್ರಿಯಲ್ಲಿ ಎರಡನೇ ಸಲ, ಸಣ್ಣ ಸದ್ದಿನಲ್ಲಿ ಬಿರಿಯಲು ಶುರುವಾಗುತ್ತದೆ. ಆಮೇಲೂ ಬಿಟ್ಟರೆ ಎಣ್ಣೆ ಜಿನುಗಿ ಕಹಿ ಏರುತ್ತದೆ.

ಇಳಿಸಿದ ಮೇಲೂ ಬೀಜ ತನ್ನ ಬಿಸಿಗೇ ಬೇಯುತ್ತಿರುತ್ತದೆ, ಮೇ ತಿಂಗಳಲ್ಲಂತೂ ತಣ್ಣಗಾಗುವುದೇ ಇಲ್ಲ. ಜರಡಿಗೆ ಸುರಿದು, ಈಗ ಫ್ಯಾನ್ ಹಾಕಿ, ಕೈಯಾಡಿಸಿ. ನಾಲ್ಕು ನಿಮಿಷದೊಳಗೆ ಮುಟ್ಟುವಷ್ಟು ಆರಬೇಕು.

ಆರಿದ ಬೀಜವನ್ನು ಹೊಟ್ಟು ತೂರಿ ತೂಕ ಮಾಡಿ. ನನ್ನನ್ನು ಕೇಳಿದರೆ ಬಣ್ಣಕ್ಕಿಂತ ಈ ಲೆಕ್ಕವೇ ಗಟ್ಟಿ. ಅಡುಗೆಮನೆ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದೆ, ತಕ್ಕಡಿ ಮಾಡುವುದಿಲ್ಲ. 200 ಗ್ರಾಂ ಹಾಕಿ 170 ಬಂದರೆ ಶೇ. 15 ಇಳಿಕೆ, ಅದು ಮಧ್ಯಮ ಹುರಿ. 175 ಬಂದರೆ ಹಗುರ, 164ಕ್ಕಿಂತ ಕಡಿಮೆ ಬಂದರೆ ಕಡು. ಒಂದೇ ಚೀಲದ ಬೀಜವನ್ನಷ್ಟೇ ಒಂದಕ್ಕೊಂದು ಹೋಲಿಸಿ.

ಕುಡಿದು ನೋಡುವುದು ಮಾರನೇ ದಿನ. ಹುರಿದ ದಿನವೇ ಕುಡಿದರೆ ಬೀಜದಲ್ಲಿ ತುಂಬಿರುವ ಅನಿಲ ರುಚಿ ಕೆಡಿಸುತ್ತದೆ. ಹುಳಿ ಅನ್ನಿಸಿದರೆ ಕ್ರ್ಯಾಕ್ ಆದಮೇಲಿನ ಸಮಯ 20 ಸೆಕೆಂಡ್ ಹೆಚ್ಚಿಸಿ, ಕಹಿಯಾದರೆ ಅಷ್ಟೇ ಕಡಿಮೆ ಮಾಡಿ. ಉರಿ, ಅಳತೆ, ಬಾಣಲೆಯ ಬಿಸಿ ಇವನ್ನು ಮುಟ್ಟಬೇಡಿ.